ಏಕವ್ಯಕ್ತಿ ರಂಗಪ್ರಯೋಗವನ್ನು ವೃತ್ತಿಯಾಗಿ ಕಟ್ಟಿಕೊಳ್ಳುವ ಬಗೆ

ಏಕವ್ಯಕ್ತಿ ನಾಟಕ ಮಾಡಬೇಕೆಂದು ಬರುವ ಹೊಸಬರು ಸಾಮಾನ್ಯವಾಗಿ ಮೊದಲ ಪ್ರಯೋಗದ ಬಗ್ಗೆಯೇ ಮಾತನಾಡುತ್ತಾರೆ. ಯಾವ ರಂಗಮಂದಿರ ಸಿಗುತ್ತದೆ, ಮುಖ್ಯ ಅತಿಥಿಯಾಗಿ ಯಾರನ್ನು ಕರೆಯಬೇಕು, ಪೋಸ್ಟರಿನಲ್ಲಿ ಯಾವ ಫೋಟೋ ಇರಬೇಕು ಎಂಬುದೆಲ್ಲ ಅವರ ತಲೆಯಲ್ಲಿ ಸಿದ್ಧವಾಗಿರುತ್ತದೆ. ಹದಿನೈದನೆಯ ಪ್ರಯೋಗ ಎಲ್ಲಿ ನಡೆಯುತ್ತದೆ, ಅದನ್ನು ಯಾರು ಏರ್ಪಡಿಸುತ್ತಾರೆ ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ನಟರನ್ನು ಖಾಯಂ ಆಗಿ ಇಟ್ಟುಕೊಳ್ಳುವ ಯಾವ ರೆಪರ್ಟರಿ ತಂಡದ ಸಂಬಳವೂ ಇಲ್ಲದೆ ಒಬ್ಬರೇ ನಟಿಸಿ ಬದುಕುವವರ ವೃತ್ತಿ ನಿಂತಿರುವುದು ಮರುಪ್ರಯೋಗದ ಮೇಲೆ. ಕೃತಿಯ ಆಯ್ಕೆಯಿಂದ ಹಿಡಿದು ಚೀಲದಲ್ಲಿ ಏನನ್ನು ಹೊತ್ತೊಯ್ಯಬೇಕು ಎಂಬಲ್ಲಿಯವರೆಗೆ ಪ್ರತಿಯೊಂದು ತೀರ್ಮಾನವನ್ನೂ ಈ ಅಳತೆಗೋಲಿನಿಂದಲೇ ಅಳೆಯಬೇಕೆಂಬುದು ಇಪ್ಪತ್ತು ವರ್ಷ ಊರೂರು ತಿರುಗಿದ ನನ್ನ ಅಭಿಪ್ರಾಯ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಕೈಯಲ್ಲಿ ಚಿಟಿಕೆ ಹಿಡಿದು, ಪಕ್ಕದಲ್ಲಿ ಹಾರ್ಮೋನಿಯಂ ಮತ್ತು ತಬಲಾದವರನ್ನು ಕೂರಿಸಿಕೊಂಡು, ಒಬ್ಬರೇ ರಾವಣನೂ ಸೀತೆಯೂ ಹನುಮಂತನೂ ಆಗುವ ಹರಿಕಥೆಯ ದಾಸರು ಈ ವೃತ್ತಿಯ ಹಿರಿಯರು. ಅವರಿಂದ ಕಲಿಯಬೇಕಾದದ್ದು ಹಾಡುಗಾರಿಕೆಗಿಂತ ಹೆಚ್ಚಾಗಿ ಕಥೆಯನ್ನು ಹಿಗ್ಗಿಸುವ ಮತ್ತು ಕುಗ್ಗಿಸುವ ಜಾಣ್ಮೆ: ಅದೇ ಪ್ರಸಂಗ ಒಂದು ಊರಿನಲ್ಲಿ ಒಂದೂವರೆ ಗಂಟೆ, ಇನ್ನೊಂದು ಊರಿನಲ್ಲಿ ಮೂರು ಗಂಟೆ ನಡೆಯುತ್ತದೆ, ಉಪಕಥೆಗಳು ಬರುತ್ತವೆ ಹೋಗುತ್ತವೆ, ಬೆನ್ನೆಲುಬು ಮಾತ್ರ ಅಲುಗುವುದಿಲ್ಲ. ಆಧುನಿಕ ರಂಗಭೂಮಿಯಲ್ಲಿ ಸಿ.ಆರ್. ಸಿಂಹ ಅವರು ‘ಟಿಪಿಕಲ್ ಟಿ.ಪಿ. ಕೈಲಾಸಂ’ ಪ್ರಯೋಗದಲ್ಲಿ ಒಬ್ಬರೇ ನಿಂತು ಕೈಲಾಸಂ ಅವರನ್ನು ಕಣ್ಣಿಗೆ ಕಟ್ಟಿದರು. ಯಕ್ಷಗಾನದಲ್ಲಿ ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜೊತೆಗೂಡಿ ಏಕವ್ಯಕ್ತಿ ಪ್ರಯೋಗಗಳನ್ನೇ ಒಂದು ಪ್ರಕಾರವಾಗಿ ಬೆಳೆಸಿದರು. ಯುರೋಪಿನಲ್ಲಿ ಇದೇ ಕೆಲಸಕ್ಕೆ ಕ್ಯಾಬರೆ ಎಂಬ ಇನ್ನೊಂದು ದಾರಿ ಇತ್ತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ‘ಶಾ ನ್ವಾರ್’, 1916ರಲ್ಲಿ ಜೂರಿಕ್ಕಿನಲ್ಲಿ ಹೂಗೋ ಬಾಲ್ ಮತ್ತು ಗೆಳೆಯರು ತೆರೆದ ‘ಕ್ಯಾಬರೆ ವೋಲ್ಟೇರ್’ ಮುಂತಾದ ಕಡೆಗಳಲ್ಲಿ ಕಲಾವಿದರು ಮೇಜಿನ ಮುಂದೆ ಕೂತು ಕುಡಿಯುತ್ತಿದ್ದವರ ಎದುರಿಗೆ ಹಾಡು, ವಿಡಂಬನೆ, ಪದ್ಯಗಳನ್ನು ಪ್ರದರ್ಶಿಸುತ್ತಿದ್ದರು. ನಮ್ಮಲ್ಲಿ ಕ್ಯಾಬರೆ ಎಂಬ ಪದ ಹಳೆಯ ಸಿನಿಮಾಗಳ ಕ್ಲಬ್ ಡ್ಯಾನ್ಸಿಗೆ ಅಂಟಿಕೊಂಡುಬಿಟ್ಟಿರುವುದರಿಂದ, ಕ್ಯಾಬರೆ ಮಾಡುತ್ತೇನೆ ಎಂದು ಅರ್ಜಿ ಬರೆದರೆ ಸಭಾಂಗಣದ ಕಾರ್ಯದರ್ಶಿಗಳು ಬಾಗಿಲು ತೆಗೆಯಲಾರರು. ಅರ್ಜಿಯಲ್ಲಿ ‘ಹಾಡು ಮತ್ತು ಮಾತಿನ ಏಕವ್ಯಕ್ತಿ ಪ್ರಯೋಗ’ ಎಂದು ಬರೆಯಿರಿ. ಒಳಗೆ ಮಾಡುವುದು ಅದನ್ನೇ.

ಕೃತಿ ಮತ್ತು ಹಕ್ಕು

ನೀವೇ ಬರೆದುಕೊಂಡರೆ ಹಕ್ಕಿನ ತಕರಾರು ಇರುವುದಿಲ್ಲ. ಕಥೆ, ಕಾದಂಬರಿ ಅಥವಾ ಆತ್ಮಕಥೆಯನ್ನು ರಂಗಕ್ಕೆ ಅಳವಡಿಸುವುದಾದರೆ ಮೊದಲು ಕಾನೂನು ತಿಳಿದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ತನಕ ಹಕ್ಕು ಅವರದು ಅಥವಾ ಅವರ ವಾರಸುದಾರರದು. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳನ್ನು ಈಗ ಯಾರ ಅಪ್ಪಣೆಯೂ ಇಲ್ಲದೆ ಆಡಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಅನುವಾದಕ್ಕೆ ಅನುವಾದಕರ ಪ್ರತ್ಯೇಕ ಹಕ್ಕು ಇರುವುದರಿಂದ, ಮೂಲ ಲೇಖಕರು ಶತಮಾನದ ಹಿಂದಿನವರಾದರೂ ನೀವು ಬಳಸುವ ಕನ್ನಡ ಅನುವಾದ ಇತ್ತೀಚಿನದಾಗಿದ್ದರೆ ಅನುವಾದಕರನ್ನು ಕೇಳಲೇಬೇಕು.

ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ನಾನು ಒಂದು ಕಥೆಯನ್ನು ‘ಧಾರಾಳವಾಗಿ ಮಾಡಿಕೊಳ್ಳಿ’ ಎಂಬ ಲೇಖಕರ ಬಾಯಿಮಾತಿನ ಮೇಲೆ ಹನ್ನೆರಡು ಪ್ರಯೋಗ ಮಾಡಿದ್ದೆ; ಅವರು ತೀರಿಕೊಂಡ ಮೇಲೆ ಮನೆಯವರು ಪತ್ರ ಎಲ್ಲಿ ಎಂದು ಕೇಳಿದರು, ತೋರಿಸಲು ನನ್ನ ಬಳಿ ಏನೂ ಇರಲಿಲ್ಲ, ಹದಿಮೂರನೆಯ ಪ್ರಯೋಗ ನಡೆಯಲಿಲ್ಲ. ಅವರ ತಪ್ಪೇನೂ ಇರಲಿಲ್ಲ. ಪತ್ರದಲ್ಲಿ ಎಷ್ಟು ವರ್ಷಕ್ಕೆ ಅನುಮತಿ, ಪ್ರತಿ ಪ್ರಯೋಗಕ್ಕೆ ಎಷ್ಟು ಗೌರವಧನ, ಬೇರೆ ಭಾಷೆಯಲ್ಲಿ ಆಡಬಹುದೇ, ಚಿತ್ರೀಕರಿಸಿ ಪ್ರಸಾರ ಮಾಡಬಹುದೇ, ಪಠ್ಯವನ್ನು ಕತ್ತರಿಸಬಹುದೇ ಎಂಬ ಐದು ಸಂಗತಿಗಳಿದ್ದರೆ ಸಾಕು. ಸಿನಿಮಾ ಹಾಡಿನ ಧ್ವನಿಮುದ್ರಣವನ್ನು ಹಾಗೆಯೇ ಹಾಕಿಕೊಳ್ಳುವ ಅಭ್ಯಾಸವನ್ನು ಬಿಡಿ. ಅದಕ್ಕೆ ಪರವಾನಗಿ ಬೇಕು, ಅಲ್ಲದೆ ನಿಮ್ಮದೇ ಗಂಟಲಿನಿಂದ ಬಂದ ಎರಡು ಸಾಲು ಹಾಡು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಅವಧಿ 60ರಿಂದ 75 ನಿಮಿಷ ಇರಲಿ. ತಾಲೀಮಿನ ಹೊತ್ತಿಗೇ 40 ನಿಮಿಷದ ಇನ್ನೊಂದು ರೂಪವನ್ನೂ ಸಿದ್ಧಪಡಿಸಿಕೊಳ್ಳಿ, ಏಕೆಂದರೆ ಕಾಲೇಜುಗಳು ಮತ್ತು ಸಂಘಗಳು ಕೇಳುವುದು ಅದನ್ನೇ. ಆ ಕತ್ತರಿಯನ್ನು ನಿರ್ದೇಶಕರೊಂದಿಗೆ ಕೂತು ಮೊದಲೇ ಆಡಿಸದಿದ್ದರೆ, ಕಾರ್ಯಕ್ರಮದ ದಿನ ವೇದಿಕೆಯ ಮೆಟ್ಟಿಲಲ್ಲಿ ನಿಂತು ಆಡಿಸಬೇಕಾಗುತ್ತದೆ.

ತಾಲೀಮು

ಒಬ್ಬರೇ ನಟಿಸುವುದೆಂದರೆ ಒಬ್ಬರೇ ನಾಟಕ ಮಾಡುವುದಲ್ಲ. ಹೊರಗಿನಿಂದ ನೋಡುವ ನಿರ್ದೇಶಕರೊಬ್ಬರು ಇರಲೇಬೇಕು. ನೀವೇ ನಿರ್ದೇಶಿಸಿಕೊಂಡರೆ ನಿಮ್ಮ ಚಟಗಳೆಲ್ಲ ಶೈಲಿಯಾಗಿಬಿಡುತ್ತವೆ, ಅದನ್ನು ಹೇಳುವವರೂ ಇರುವುದಿಲ್ಲ. ಬೆಳಕು ಮತ್ತು ಧ್ವನಿ ಎರಡನ್ನೂ ನಿಭಾಯಿಸಬಲ್ಲ, ಪ್ರತಿ ಪ್ರವಾಸಕ್ಕೂ ಜೊತೆಯಾಗುವ ಇನ್ನೊಬ್ಬರು ಬೇಕು. ಹೀಗೆ ಏಕವ್ಯಕ್ತಿ ತಂಡದಲ್ಲಿ ಕನಿಷ್ಠ ಮೂವರು, ಪ್ರಯಾಣಿಸುವವರು ಇಬ್ಬರು.

ಹಲವು ಪಾತ್ರಗಳನ್ನು ಒಂದೇ ದೇಹದಲ್ಲಿ ಬೇರ್ಪಡಿಸುವುದಕ್ಕೆ ಹೊಸಬರು ಮೊದಲು ಹುಡುಕುವುದು ಧ್ವನಿಯನ್ನು: ಮುದುಕಿಗೆ ನಡುಗುವ ದನಿ, ಗೌಡನಿಗೆ ಗಡಸು ದನಿ. ಅದು ಹತ್ತು ನಿಮಿಷದಲ್ಲಿ ಮಿಮಿಕ್ರಿಯಾಗುತ್ತದೆ, ಒಂದು ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಬದಲಿಗೆ ಪ್ರತಿ ಪಾತ್ರಕ್ಕೂ ಒಂದು ದೃಷ್ಟಿಯ ಎತ್ತರ, ಒಂದು ಉಸಿರಿನ ಲಯ ಮತ್ತು ವಸ್ತುವೊಂದನ್ನು ಹಿಡಿಯುವ ಒಂದು ಬಗೆಯನ್ನು ಕೊಡಿ. ನನ್ನ ಒಂದು ನಾಟಕದಲ್ಲಿ ಅತ್ತೆ ಸೊಸೆಯರ ಜಗಳವಿತ್ತು, ರಂಗದ ಮೇಲೆ ಒಂದು ಮುಕ್ಕಾಲಿ ಮತ್ತು ಒಂದು ಸ್ಟೀಲ್ ಲೋಟ ಮಾತ್ರ ಇದ್ದವು. ತಾಲೀಮಿನ ಎರಡನೆಯ ವಾರದವರೆಗೂ ಯಾರು ಮಾತನಾಡುತ್ತಿದ್ದಾರೆ ಎಂಬುದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ನಿರ್ದೇಶಕರು ಹೇಳಿದರು: ಅತ್ತೆ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಲಿ, ಸೊಸೆ ಎರಡೂ ಕೈಯಲ್ಲಿ ಹಿಡಿದು ಕಚ್ಚಿ ಕುಡಿಯಲಿ. ಅಷ್ಟೇ. ಅಲ್ಲಿಂದ ಮುಂದೆ ಲೋಟ ಮೇಲೆದ್ದ ಕೂಡಲೆ ಪ್ರೇಕ್ಷಕರಿಗೆ ಅತ್ತೆ ಕಾಣತೊಡಗಿದಳು, ಮತ್ತು ಮೂರನೆಯ ದೃಶ್ಯದಲ್ಲಿ ಸೊಸೆ ಮೊದಲ ಬಾರಿಗೆ ಲೋಟವನ್ನು ಎತ್ತಿ ಕುಡಿದಾಗ, ಆ ಮನೆಯಲ್ಲಿ ಅಧಿಕಾರ ಬದಲಾಯಿತೆಂಬುದನ್ನು ಹೇಳುತ್ತಿದ್ದ ಅರ್ಧ ಪುಟದ ಮಾತನ್ನು ನಾವು ಕಿತ್ತುಹಾಕಿದೆವು.

ಪ್ರಾದೇಶಿಕ ನುಡಿಯೂ ಇಂಥದೇ ಉಪಕರಣ, ಆದರೆ ಹರಿತವಾದದ್ದು. ಧಾರವಾಡದ ಮಾತನ್ನೋ ಕುಂದಾಪುರದ ಮಾತನ್ನೋ ನಗಿಸುವುದಕ್ಕೆಂದು ಬಳಸಿದರೆ ಬೆಂಗಳೂರಿನಲ್ಲಿ ಚಪ್ಪಾಳೆ ಬೀಳುತ್ತದೆ, ಆ ಊರಿನಲ್ಲಿಯೇ ಆಡಿದಾಗ ಮೌನ ಬೀಳುತ್ತದೆ. ಆಯಾ ನುಡಿಯವರೊಬ್ಬರ ಮುಂದೆ ಇಡೀ ಪಠ್ಯವನ್ನು ಒಮ್ಮೆ ಓದಿ, ಅವರು ಮುಖ ಸಿಂಡರಿಸಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ.

ಮಾತು ಮರೆತರೆ ಎತ್ತಿಕೊಡಲು ಎದುರು ಪಾತ್ರವಿಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ. ಇದಕ್ಕೆ ನಾನು ನಂಬಿರುವ ಮದ್ದು, ಪಠ್ಯವನ್ನು ಎಂಟೋ ಹತ್ತೋ ತಾಣಗಳಾಗಿ ಒಡೆದು, ಪ್ರತಿ ತಾಣವನ್ನೂ ರಂಗದ ಒಂದು ಜಾಗಕ್ಕೆ ಮತ್ತು ಒಂದು ಕೆಲಸಕ್ಕೆ ಕಟ್ಟಿಹಾಕುವುದು. ಮುಕ್ಕಾಲಿಯ ಬಳಿ ಸೆರಗು ಕೊಡವುವುದು ನಾಲ್ಕನೆಯ ತಾಣವಾದರೆ, ಮೂರನೆಯದರ ನಡುವೆ ಮಾತು ಜಾರಿದಾಗ ಗಾಬರಿಯಾಗದೆ ಮುಕ್ಕಾಲಿಯ ಕಡೆಗೆ ನಡೆದು ಸೆರಗು ಕೊಡವಿದರೆ ಸಾಕು, ದೇಹವೇ ಮುಂದಿನ ಸಾಲನ್ನು ತಂದುಕೊಡುತ್ತದೆ. ಬೆಳಕಿನವರಿಗೂ ಆ ತಾಣಗಳ ಪಟ್ಟಿ ಗೊತ್ತಿರಬೇಕು, ಇಲ್ಲದಿದ್ದರೆ ನೀವು ದಾಟಿದ ದೃಶ್ಯದ ಬೆಳಕು ನಿಮ್ಮನ್ನು ಬೆನ್ನಟ್ಟಿಕೊಂಡು ಬರುತ್ತದೆ.

ಚೀಲ ಮತ್ತು ಬೆಳಕು

ರಂಗಸಜ್ಜಿಕೆ ಬಸ್ಸಿನ ಲಗೇಜಿನಲ್ಲಿ ಹೋಗುವಂತಿರಬೇಕು. ಮುಕ್ಕಾಲಿ, ಕುರ್ಚಿ, ಮೇಜು ಮುಂತಾದವು ಎಲ್ಲ ಊರಿನಲ್ಲೂ ಸಿಗುತ್ತವೆ. ಹೊತ್ತೊಯ್ಯಬೇಕಾದದ್ದು ಆ ಊರಿನಲ್ಲಿ ಸಿಗದೆ ಇರುವುದನ್ನು. ನನ್ನ ಚೀಲದಲ್ಲಿ ಕರಿ ಬಟ್ಟೆಯ ಎರಡು ತುಂಡು, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು, ಇನ್ಸುಲೇಷನ್ ಟೇಪು, ಟಾರ್ಚು, ಒಂದು ಡಜನ್ ಪಿನ್ನು, ಸೂಜಿದಾರ, ಪೆನ್‌ಡ್ರೈವಿನಲ್ಲಿಯೂ ಫೋನಿನಲ್ಲಿಯೂ ಧ್ವನಿಯ ಎರಡು ಪ್ರತಿ, ಮತ್ತು ಆ ಸ್ಟೀಲ್ ಲೋಟ ಇರುತ್ತವೆ. ಲೋಟ ಎಲ್ಲ ಕಡೆಯೂ ಸಿಗುತ್ತದಲ್ಲ ಎನ್ನಬಹುದು. ಕೈಗೆ ಅಭ್ಯಾಸವಾದ ತೂಕದ ಲೋಟ ಸಿಗುವುದಿಲ್ಲ.

ಬೆಳಕಿನ ವಿನ್ಯಾಸವನ್ನು ಎರಡು ಬಗೆಯಲ್ಲಿ ಬರೆಸಿಕೊಳ್ಳಿ. ಮೊದಲನೆಯದು ಬೆಳಕನ್ನು ಏರಿಳಿಸುವ ಡಿಮ್ಮರ್, ಸ್ಪಾಟು, ಪಾರ್ ಕ್ಯಾನು ದೀಪಗಳಿರುವ ಸುಸಜ್ಜಿತ ರಂಗಮಂದಿರಕ್ಕೆ. ಎರಡನೆಯದು ನಾಲ್ಕೇ ದೀಪಗಳಿಗೆ, ಅದೂ ಉರಿಸುವುದು ಮತ್ತು ಆರಿಸುವುದು ಮಾತ್ರ ಸಾಧ್ಯವಿರುವ ಕಡೆಗೆ. ತಾಲ್ಲೂಕು ಕೇಂದ್ರವೊಂದರ ಕಾಲೇಜು ಸಭಾಂಗಣದಲ್ಲಿ ನಮಗೆ ಸಿಕ್ಕಿದ್ದು ಮದುವೆಯ ವಿಡಿಯೋದವರ ಎರಡು ಹ್ಯಾಲೊಜನ್ ದೀಪಗಳು ಮತ್ತು ಸಾಲಾಗಿ ಹನ್ನೆರಡು ಟ್ಯೂಬ್‌ಲೈಟುಗಳು. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗಿಸುವುದು, ಸನ್ಮಾನ ಎಲ್ಲ ಸೇರಿ ಐವತ್ತು ನಿಮಿಷ ನಡೆಯಿತು, ಅಷ್ಟೂ ಹೊತ್ತು ಬಣ್ಣ ಹಚ್ಚಿಕೊಂಡು ಪಕ್ಕದ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೂತಿದ್ದೆ. ನಾಟಕ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ನಮ್ಮ ಬೆಳಕಿನ ಹುಡುಗ ಟಾರ್ಚನ್ನು ನನ್ನ ಮುಖಕ್ಕೆ ಹಿಡಿಯದೆ ಹಿಂದಿನ ಬಿಳಿಗೋಡೆಗೆ ಹಿಡಿದ, ಅಲ್ಲಿಂದ ಮೆತ್ತಗೆ ತಿರುಗಿಬಂದ ಬೆಳಕಿನಲ್ಲಿಯೇ ಉಳಿದ ಇಪ್ಪತ್ತು ನಿಮಿಷ ನಡೆಯಿತು. ಆತ ಆ ಉಪಾಯವನ್ನು ಆಗ ಯೋಚಿಸಿದ್ದಲ್ಲ. ನಮ್ಮ ಎರಡನೆಯ ವಿನ್ಯಾಸದ ಕೊನೆಯ ಸಾಲಿನಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೆವು.

ಸಂಘಟಕರಿಗೆ ಒಂದು ಪುಟದ ಬೇಡಿಕೆಪಟ್ಟಿಯನ್ನು ಹದಿನೈದು ದಿನ ಮೊದಲೇ ಕಳುಹಿಸಿ. ರಂಗದ ಕನಿಷ್ಠ ಅಗಲ ಮತ್ತು ಆಳ, ಎಷ್ಟು ಪ್ಲಗ್ ಪಾಯಿಂಟು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಪ್ರದರ್ಶನಕ್ಕೆ ಮೊದಲು ಮೂರು ಗಂಟೆ ಸಭಾಂಗಣ ನಮ್ಮ ವಶದಲ್ಲಿರುವುದು, ಭಾಷಣಗಳು ನಾಟಕದ ನಂತರವೇ ನಡೆಯುವುದು. ಕೊನೆಯದನ್ನು ಯಾರೂ ಪಾಲಿಸುವುದಿಲ್ಲ, ಆದರೂ ಬರೆಯಿರಿ. ಬರೆದರೆ ಐವತ್ತು ನಿಮಿಷ ಇಪ್ಪತ್ತಕ್ಕೆ ಇಳಿಯುತ್ತದೆ.

ಎಲ್ಲಿ ಆಡಬೇಕು

ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರ ಏಕವ್ಯಕ್ತಿ ಪ್ರಯೋಗಕ್ಕೆ ಒಳ್ಳೆಯ ಜಾಗ. ಪ್ರೇಕ್ಷಕರು ಹತ್ತಿರವಿರುತ್ತಾರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮೊದಲ ಹತ್ತು ನಿಮಿಷ ಬಾಗಿಲ ಸದ್ದಿನೊಂದಿಗೆ ಸೆಣಸಬೇಕಾಗಿಲ್ಲ. ಆದರೆ ದಿನಾಂಕಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕಿಕೊಳ್ಳಬೇಕು. ರವೀಂದ್ರ ಕಲಾಕ್ಷೇತ್ರ ಒಬ್ಬರಿಗೆ ತೀರಾ ದೊಡ್ಡದು. ಇನ್ನೂರು ಜನ ಬಂದರೂ ಖಾಲಿ ಕಾಣುತ್ತದೆ. ಮೈಸೂರಿನಲ್ಲಿ ರಂಗಾಯಣದ ಅಂಗಳಗಳು ಮತ್ತು ರಾಮಕೃಷ್ಣನಗರದ ‘ನಟನ’ ರಂಗಶಾಲೆ ಇವೆ, ಹೆಗ್ಗೋಡಿನ ನೀನಾಸಮ್ ಮತ್ತು ಸಾಣೇಹಳ್ಳಿಯಲ್ಲಿ ನಾಟಕವನ್ನು ನೋಡಿ ಪಳಗಿದ ಊರಿನ ಜನವೇ ಇದ್ದಾರೆ. ಹೊಸ ನಾಟಕದ ಹುಳುಕುಗಳನ್ನು ತಿಳಿಯಲು ಅಂಥ ಪ್ರೇಕ್ಷಕರೆದುರು ಬೇಗನೆ ಒಮ್ಮೆ ಆಡಿಬಿಡುವುದು ಒಳ್ಳೆಯದು.

ಆದರೆ ಪ್ರಯೋಗಗಳ ಸಂಖ್ಯೆ ಬೆಳೆಯುವುದು ರಂಗಮಂದಿರಗಳಲ್ಲಿ ಅಲ್ಲ. ಕಾಲೇಜುಗಳ ಸಾಹಿತ್ಯ ಸಂಘ, ಬ್ಯಾಂಕುಗಳ ಕನ್ನಡ ಬಳಗ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಮಾರ್ಚಿನ ಮಹಿಳಾ ದಿನಾಚರಣೆ, ಯಾರದೋ ಮನೆಯ ತಾರಸಿ: ನನ್ನ ಲೆಕ್ಕದ ಪುಸ್ತಕದಲ್ಲಿ ಹೆಚ್ಚಿನ ಪ್ರಯೋಗಗಳು ಇಂಥವೇ. ತಾರಸಿಯ ಮೇಲೆ ನಲವತ್ತು ಜನರ ಮುಂದೆ ಆಡುವುದನ್ನು ಕೀಳೆಂದು ತಿಳಿಯಬೇಡಿ; ಅಲ್ಲಿ ನೋಡಿದವರಲ್ಲಿ ಒಬ್ಬರು ಮುಂದಿನ ತಿಂಗಳು ಫೋನು ಮಾಡುತ್ತಾರೆ. ಹೊರರಾಜ್ಯದ ಕನ್ನಡ ಸಂಘಗಳು, ಮುಖ್ಯವಾಗಿ ಮುಂಬೈನ ಮಾಟುಂಗದಲ್ಲಿರುವ ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘದಂಥವು, ನಾಟಕದ ರುಚಿ ಬಲ್ಲ ಸಂಸ್ಥೆಗಳು. ಇಬ್ಬರ ರೈಲು ಖರ್ಚು ಹದಿನೈದು ಜನರ ಖರ್ಚಿನಷ್ಟು ಅವರಿಗೆ ಭಾರವಾಗುವುದಿಲ್ಲ. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನದಂಥ ಕಡೆಗಳಿಗೂ ಏಕವ್ಯಕ್ತಿ ಪ್ರಯೋಗ ಅನುಕೂಲವೇ, ಆದರೆ ಪ್ರವಾಸಿ ವೀಸಾದ ಮೇಲೆ ಹೋಗಿ ಸಂಭಾವನೆ ಪಡೆಯುವುದು ಅಲ್ಲಿ ಕಾನೂನಿಗೆ ವಿರುದ್ಧವಾದ್ದರಿಂದ, ಕರೆಸುವವರು ತಕ್ಕ ವೀಸಾದ ವ್ಯವಸ್ಥೆ ಮಾಡುತ್ತಾರೆಯೇ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಕೇಳಿ.

ಸಂಭಾವನೆ

ನಮ್ಮವರು ಎಡವುವುದು ಇಲ್ಲಿಯೇ. ‘ನೀವೊಬ್ಬರೇ ತಾನೆ ಬರುವುದು?’ ಎಂದು ಸಂಘಟಕರು ಕೇಳುತ್ತಾರೆ, ನಾವು ನಾಚಿಕೊಂಡು ಸಣ್ಣ ಮೊತ್ತ ಹೇಳುತ್ತೇವೆ. ಮೊತ್ತವನ್ನು ಹೇಳುವ ಮೊದಲು ಮನೆಯಲ್ಲಿ ಕೂತು ಲೆಕ್ಕ ಮಾಡಿ. ಉದಾಹರಣೆಗೆ ನಿರ್ಮಾಣಕ್ಕೆ 90,000 ರೂಪಾಯಿ ಖರ್ಚಾಗಿದ್ದು, ಅದನ್ನು 30 ಪ್ರಯೋಗಗಳಲ್ಲಿ ತೀರಿಸಬೇಕೆಂದರೆ ಪ್ರತಿ ಪ್ರಯೋಗದ ಮೇಲೆ 3,000 ರೂಪಾಯಿ ಬೀಳುತ್ತದೆ. ಅದಕ್ಕೆ ಬೆಳಕಿನವರ ದಿನದ ಸಂಬಳ, ಲೇಖಕರ ಗೌರವಧನ, ನಿರ್ದೇಶಕರ ಪಾಲು, ಮರುತಾಲೀಮಿನ ಎರಡು ದಿನ, ಕೊನೆಯಲ್ಲಿ ನಿಮ್ಮ ಕೂಲಿ ಸೇರಬೇಕು. ಪ್ರಯಾಣ, ಊಟ, ವಸತಿ ಇವು ಸಂಭಾವನೆಯ ಹೊರಗೆ ಇರಬೇಕು, ಒಳಗೆ ಸೇರಿಸಿದರೆ ದೂರದ ಊರಿಗೆ ಹೋದಷ್ಟೂ ನಿಮ್ಮ ಕೂಲಿ ಕರಗುತ್ತದೆ. ಅರ್ಧ ಮುಂಗಡ, ಉಳಿದರ್ಧ ಅದೇ ದಿನ ಎಂದು ಪತ್ರದಲ್ಲಿ ಬರೆಯಿರಿ. ಒಂದು ಸಂಸ್ಥೆಯಿಂದ ನನ್ನ ಹಣ ಬರಲು ಹನ್ನೊಂದು ತಿಂಗಳು ಹಿಡಿಯಿತು. ಶಾಲು, ಪೇಟ ಮತ್ತು ಹಣ್ಣಿನ ಬುಟ್ಟಿ ಮಾತ್ರ ಅದೇ ದಿನ ಬಂದಿದ್ದವು.

ರಿಯಾಯಿತಿ ಕೊಡಬಾರದೆಂದಲ್ಲ. ಸರ್ಕಾರಿ ಶಾಲೆಗೆ, ಹಳ್ಳಿಯ ಯುವಕ ಸಂಘಕ್ಕೆ ವರ್ಷಕ್ಕೆ ಇಷ್ಟು ಎಂದು ನೀವೇ ಸಂಖ್ಯೆ ಗೊತ್ತುಮಾಡಿಕೊಂಡು ಉಚಿತವಾಗಿಯೇ ಆಡಿ. ಅರ್ಧ ಬೆಲೆಯ ಸುದ್ದಿ ಬೇಗ ಹರಡಿ ಅದೇ ನಿಮ್ಮ ಬೆಲೆಯಾಗಿಬಿಡುತ್ತದೆ, ಉಚಿತ ಪ್ರಯೋಗಕ್ಕೆ ಆ ಅಪಾಯ ಕಡಿಮೆ.

ನೀವೇ ಟಿಕೆಟ್ ಮಾರುವುದಾದರೆ, ನಾಟಕದ ಪ್ರವೇಶಕ್ಕೆ ತಲಾ 500 ರೂಪಾಯಿಯವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಂಸ್ಥೆಗಳು ಸಂಭಾವನೆಯಲ್ಲಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದುಕೊಂಡರೆ ಗಾಬರಿಯಾಗಬೇಡಿ. ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟು, ವರ್ಷದ ಕೊನೆಯಲ್ಲಿ ರಿಟರ್ನ್ ಸಲ್ಲಿಸಿದರೆ, ತೆರಿಗೆಯ ಮಿತಿಗಿಂತ ಕಡಿಮೆ ಆದಾಯವಿರುವವರಿಗೆ ಅದು ವಾಪಸು ಬರುತ್ತದೆ. ಎಷ್ಟೋ ಕಲಾವಿದರು ರಿಟರ್ನ್ ಹಾಕದೆ ಆ ಹಣವನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟಿರುವುದನ್ನು ಕಂಡಿದ್ದೇನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಾಯೋಜನೆ, ಕರ್ನಾಟಕ ನಾಟಕ ಅಕಾಡೆಮಿಯ ಕಾರ್ಯಕ್ರಮಗಳು, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ಅನುದಾನ ಇವಕ್ಕೆ ಅರ್ಜಿ ಹಾಕಿ, ಆದರೆ ಅವನ್ನು ನಂಬಿ ಮನೆ ಬಾಡಿಗೆಯನ್ನು ಲೆಕ್ಕ ಹಾಕಬೇಡಿ. ತಿಂಗಳ ಖರ್ಚಿಗೆ ಮಕ್ಕಳ ರಂಗಶಿಬಿರ, ಶಾಲೆಯ ನಾಟಕ, ಡಬ್ಬಿಂಗ್ ಇವೆ. ಧಾರಾವಾಹಿಯ ದುಡ್ಡು ಒಳ್ಳೆಯದೇ, ಆದರೆ ನಾಳೆ ಬನ್ನಿ ಎಂದು ಈ ರಾತ್ರಿ ಹೇಳುವ ವೃತ್ತಿ ಅದು. ಮೂರು ತಿಂಗಳ ಮೊದಲೇ ದಿನಾಂಕ ಕೊಡಬೇಕಾದ ನಮ್ಮ ವೃತ್ತಿಯೊಂದಿಗೆ ಅದು ಹೊಂದಿಕೊಳ್ಳುವುದು ಕಷ್ಟ.

ಚಿತ್ರೀಕರಣದ ಬಗ್ಗೆ ಒಂದು ಮಾತು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನಕಾರರಿಗೂ 50 ವರ್ಷಗಳ ಹಕ್ಕಿದೆ. ನಿಮ್ಮನ್ನು ಕೇಳದೆ ಪ್ರಯೋಗವನ್ನು ಚಿತ್ರೀಕರಿಸುವಂತಿಲ್ಲ. ಸಂಘಟಕರು ನೆನಪಿಗಾಗಿ ಎಂದು ಇಡೀ ನಾಟಕವನ್ನು ಯೂಟ್ಯೂಬಿಗೆ ಏರಿಸಿಬಿಟ್ಟರೆ ಮುಂದಿನ ಊರಿನವರು ಅದನ್ನೇ ನೋಡಿ ಸುಮ್ಮನಾಗುತ್ತಾರೆ. ನೀವೇ ಒಳ್ಳೆಯ ಬೆಳಕಿನಲ್ಲಿ ಎರಡು ನಿಮಿಷದ ತುಣುಕನ್ನು ಮಾಡಿಸಿಟ್ಟುಕೊಂಡು ಎಲ್ಲರಿಗೂ ಅದನ್ನು ಕೊಡಿ, ಪೂರ್ತಿ ಚಿತ್ರೀಕರಣವನ್ನು ಆಯ್ಕೆ ಸಮಿತಿಗಳಿಗೆ ಮಾತ್ರ ಗುಟ್ಟಾದ ಕೊಂಡಿಯ ಮೂಲಕ ಕಳುಹಿಸಿ.

ಪ್ರತಿ ಪ್ರಯೋಗದ ರಾತ್ರಿಯೇ, ಬಣ್ಣ ತೊಳೆದ ಮೇಲೆ, ಒಂದು ನೋಟ್‌ಬುಕ್ಕಿನಲ್ಲಿ ಊರು, ದಿನಾಂಕ, ಬಂದವರ ಅಂದಾಜು, ಜನ ನಕ್ಕ ಜಾಗ, ಕೆಮ್ಮಿದ ಜಾಗ, ಕರೆಸಿದವರ ಹೆಸರು ಮತ್ತು ಸಂಖ್ಯೆಗಳನ್ನು ಬರೆದಿಡಿ. ಒಂದೇ ಜಾಗದಲ್ಲಿ ಮೂರು ಊರಿನವರು ಕೆಮ್ಮಿದರೆ ಆ ಭಾಗಕ್ಕೆ ಕತ್ತರಿ ಬೇಕು. ಕರೆಸಿದವರಿಗೆ ಒಂದು ವರ್ಷದ ನಂತರ ಹೊಸ ನಾಟಕದ ಸುದ್ದಿಯನ್ನು ತಿಳಿಸಬೇಕು, ಹಾಗೆಂದರೆ ಒಂದು ವರ್ಷದಲ್ಲಿ ಹೊಸ ನಾಟಕ ಇರಬೇಕು. ಹಳೆಯದು ಇಪ್ಪತ್ತೈದನೆಯ ಪ್ರಯೋಗಕ್ಕೆ ಬಂದಾಗಲೇ ಮುಂದಿನದರ ಓದನ್ನು ಶುರುಮಾಡಿ. ಹಳೆಯದನ್ನು ನಿಲ್ಲಿಸಬೇಕಾಗಿಲ್ಲ. ನನ್ನ ಲೋಟದ ನಾಟಕಕ್ಕೆ ಈಗಲೂ ಫೋನು ಬರುತ್ತದೆ. ಎರಡು ದಿನ ಮರುತಾಲೀಮಿಗೆ ಸಮಯ ಕೊಟ್ಟರೆ ಹೋಗುತ್ತೇನೆ, ನಾಳೆಯೇ ಬನ್ನಿ ಎಂದರೆ ಇಲ್ಲವೆನ್ನುತ್ತೇನೆ.